ಅಮ್ಮನ ಅಡುಗೆಮನೆಗೆ ಟಿವಿ ಹಾಕ್ಸಿದ್ದು

ನಮ್ಮಮ್ಮಂಗೆ ಸೀರಿಯಲ್ ಬರೋ ಹೊತ್ತೂ ಚಪಾತಿ ಲಟ್ಸೋ ಹೊತ್ತೂ ಒಂದೇ, ಹಾಲಲ್ಲಿ ಸೌಂಡ್ ಜಾಸ್ತಿ ಮಾಡಿ ಒಳಗಿಂದ ಕೇಳಿಸ್ಕೊಳ್ತಾ ಇರ್ತಾರೆ, ಏನಾದ್ರೂ ಗಲಾಟೆ ಸೀನ್ ಬಂತು ಅಂದ್ರೆ ಒಲೆ ಉರೀತಾ ಇರೋ ಹಾಗೇ ಬಿಟ್ಟು ಓಡ್ತಾರೆ. ನಂಗದು ಸರಿ ಕಾಣ್ಲಿಲ್ಲ. ರೂಮಲ್ಲಿ ಸುಮ್ನೆ ಇದ್ದ 24 ಇಂಚಿನ ಟಿವಿನ ಅಡುಗೆಮನೆಗೇ ಹಾಕ್ಸೋಣ ಅಂತ ಭಾನುವಾರ ಎಲೆಕ್ಟ್ರಿಷಿಯನ್ ಅಣ್ಣನ್ನ ಕರೆಸಿದೆ.

"ಹಾಕೋದು ಬೇಗ ಆಗುತ್ತೆ ಸಾರ್, ಎಲ್ಲಿ ಹಾಕೋದು ಅನ್ನೋದಕ್ಕೇ ಟೈಮ್ ಬೇಕು" ಅಂದ್ರು.

ಅಮ್ಮ ತೋರ್ಸಿದ್ದು ಸ್ಟೌ ಎದುರಿನ ಗೋಡೆ. "ಬೇಡಮ್ಮ, ಒಗ್ಗರಣೆ ಹೊಗೆ, ಕುಕ್ಕರ್ ಆವಿ ಎಲ್ಲ ಒಳಗೋಗುತ್ತೆ, ಜಿಡ್ಡಿಗೆ ಧೂಳು ಅಂಟ್ಕೊಂಡ್ರೆ ಟಿವಿ ಬಿಸಿ ಹೊರಗೆ ಬರಲ್ಲ" ಅಂದ್ರು. ಸಿಂಕ್ ಪಕ್ಕ ನೀರು ಸಿಡಿಯುತ್ತೆ, ಗೋಡೆ ಒಳಗೆ ಪೈಪೂ ಇದೆ, ಅದೂ ಬೇಡ. ಕೆಳಗೆ ಸಿಲಿಂಡರ್ ಹತ್ರ ಒಂದು ಪ್ಲಗ್ ಪಾಯಿಂಟ್ ಇತ್ತು, ಅದನ್ನಂತೂ ಮುಟ್ಲೇ ಇಲ್ಲ, ಯಾಕಂದ್ರೆ ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದ ಹತ್ರಾನೇ ನಿಲ್ಲುತ್ತೆ, ಅಲ್ಲಿ ಸ್ವಿಚ್ ಹಾಕಿದಾಗ ಬರೋ ಒಂದು ಕಿಡಿ ಸಾಕು. ಇದನ್ನ ಎಲ್ರೂ ತಿಳ್ಕೊಂಡಿರ್ಲೇಬೇಕು ಅನ್ಸುತ್ತೆ ನಂಗೆ.

ಕೊನೆಗೆ ಬಾಗಿಲ ಪಕ್ಕದ ಮೂಲೇಲಿ, ತಲೆ ತಾಗದಷ್ಟು ಎತ್ತರದಲ್ಲಿ, ತಿರುಗೋ ಬ್ರಾಕೆಟ್ ಹಾಕೋದು ಅಂತಾಯ್ತು. ಚಪಾತಿ ಲಟ್ಸೋ ಜಾಗದಿಂದ ಚೆನ್ನಾಗಿ ಕಾಣುತ್ತೆ, ಒಲೆ ಮುಂದೆ ನಿಂತ್ರೆ ಕಾಣಲ್ಲ. ನಂಗೆ ಬೇಕಿದ್ದಿದ್ದೂ ಅದೇ, ಎಣ್ಣೆ ಕಾಯೋವಾಗ ಕಣ್ಣು ಬಾಣಲೆ ಮೇಲೇ ಇರ್ಬೇಕಲ್ವಾ.

ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಬ್ಯಾಟರಿ ಡ್ರಿಲ್ ತೆಗೆದ್ರು. ಟೈಲ್ಸ್ ಮೇಲೆ ಬಿಟ್ ಜಾರ್ಬಾರ್ದು ಅಂತ ಪೇಪರ್ ಟೇಪ್ ಅಂಟ್ಸಿ, ಡ್ರಿಲ್ಲಿನ ಹ್ಯಾಮರ್, ಅಂದ್ರೆ ಕುಟ್ತಾ ಕೊರೆಯೋ ಮೋಡ್, ಆಫ್ ಮಾಡಿ ನಿಧಾನಕ್ಕೆ ಕೊರೆದ್ರು, ಟೈಲ್ ದಾಟಿದ್ಮೇಲೇ ಹ್ಯಾಮರ್ ಆನ್. ಬ್ರಾಕೆಟ್ ಕೂರ್ಸಿ ಎರಡೂ ಕೈಲಿ ಜೋತುಬಿದ್ದ ಹಾಗೆ ಎಳೆದು ನೋಡಿದ್ರು, ಗೋಡೆ ಅಲ್ಲಾಡ್ಲಿಲ್ಲ, ಆಮೇಲೇ ಟಿವಿ ಕೈಗೆತ್ಕೊಂಡಿದ್ದು. ಎಕ್ಸ್‌ಟೆನ್ಶನ್ ಬೋರ್ಡ್ ಇಲ್ದೆ ಮೇಲೇ ಅರ್ಥಿಂಗ್ ಇರೋ ಹೊಸ ಪಾಯಿಂಟ್, ವೈರೆಲ್ಲ ಪಟ್ಟಿ ಒಳಗೆ. ಕರೆಂಟ್ ಕೊಟ್ಮೇಲೆ ಕರೆಂಟ್ ಲೀಕ್ ಆದ್ರೆ ತಾನಾಗೇ ಆಫ್ ಆಗೋ ಸ್ವಿಚ್ ಇದ್ಯಲ್ಲ, 30 ಮಿಲಿ ಆಂಪಿನ ಆರ್‌ಸಿಸಿಬಿ, ಅದರ ಟೆಸ್ಟ್ ಬಟನ್ ಒತ್ತಿದ್ರು, ಟಪ್ ಅಂತ ಇಡೀ ಮನೆ ಆಫ್ ಆಯ್ತು. "ಹಿಂಗೆ ಬೀಳ್ಬೇಕು ಸಾರ್, ತಿಂಗಳಿಗೊಂದ್ಸಲ ನೀವೂ ಒತ್ತಿ ನೋಡಿ" ಅಂದ್ರು.

ಸಂಜೆ ಪಕ್ಕದ್ಮನೆ ಆಂಟಿ ಬಂದು ನೋಡಿ, ನಾವೂ ಫ್ರಿಜ್ ಮೇಲೆ ಒಂದು ಇಟ್ಕೊಳ್ತೀವಪ್ಪ ಅಂದ್ರು. ಫ್ರಿಜ್ ಬಾಗಿಲು ಜೋರಾಗಿ ಹಾಕ್ದಾಗೆಲ್ಲ ಟಿವಿ ಅಲ್ಲಾಡುತ್ತೆ, ಗೋಡೆಗೇ ಹಾಕ್ಸಿ ಆಂಟಿ ಅಂತ ಹೇಳಿ ಅದೇ ಅಣ್ಣನ ನಂಬರ್ ಕೊಟ್ಟೆ.