ತಂಬೂರಿಯ ನಾದವನ್ನು ಹಮ್ಮಿಂಗ್ ಅಂದುಕೊಂಡ ರಾತ್ರಿ

ನಾನು ಸೌಂಡ್ ಕೆಲಸದವನು. ಮದುವೆ, ಆರ್ಕೆಸ್ಟ್ರಾ, ರಾಜಕೀಯ ಸಭೆ, 12 ವರ್ಷದಿಂದ ಇದರಲ್ಲೇ ನನ್ನ ಅನ್ನ. ಮಳವಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಎರಡು ದಿನ ಜನಪದ ಹಬ್ಬ ಮಾಡುತ್ತೇವೆ. ಅದಕ್ಕೆ ಮಾತ್ರ ನಾನು ಬಾಡಿಗೆ ತಗೊಳ್ಳುವುದಿಲ್ಲ. ಅಲ್ಲಿ ಯಾರೂ ಏನೂ ತಗೊಳ್ಳುವುದಿಲ್ಲ. ಅಕ್ಕಿ, ರಾಗಿ, ತೆಂಗಿನಕಾಯಿ ಮನೆಮನೆಯಿಂದ ಬರುತ್ತದೆ. ಅಡುಗೆ ಲೆಕ್ಕ ಡೈರಿ ಸೆಕ್ರೆಟರಿ ನೋಡುತ್ತಾರೆ. ದೂರದಿಂದ ಬಂದ ಕಲಾವಿದರು ಯಾರದಾದರೂ ಜಗಲಿಯಲ್ಲಿ ಮಲಗುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ಇವತ್ತಿಗೂ ನೆನೆಸಿಕೊಂಡರೆ ಎದೆ ಚುರ್ ಅನ್ನುತ್ತದೆ.

ಅವತ್ತು ಸಂಜೆಯಿಂದಲೇ ಜನರೇಟರ್ ಕಾಟ. ಇಡೀ ಸಿಸ್ಟಂನಲ್ಲಿ ಹಮ್ಮಿಂಗ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಅನ್ನುವ ಸದ್ದು. ಕೇಬಲ್ ಬದಲಿಸಿದೆ, ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಮಾಡಿದೆ, ಕೊನೆಗೆ ಅರ್ತ್ ರಾಡ್ ಬುಡಕ್ಕೆ ಎರಡು ಕೊಡ ಉಪ್ಪುನೀರು ಸುರಿದೆ. ಹೋಯಿತು. ಆದರೆ ಎರಡು ಗಂಟೆ ಅದರ ಹಿಂದೆಯೇ ಓಡಾಡಿದ್ದರಿಂದ ಕಿವಿ ಪೂರ್ತಿ ಆ ಸದ್ದಿಗೇ ನೆಟ್ಟುಹೋಗಿತ್ತು. ಎಲ್ಲಿ ಗುಂಯ್ ಅಂದರೂ ಕೈ ಮಿಕ್ಸರ್ ಮೇಲೆ ಹೋಗುತ್ತಿತ್ತು.

ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರ ಮೇಳ ಬಂದಿದ್ದು ಕೊನೆ ಬಸ್ಸಿಗೆ. ಸೌಂಡ್‌ಚೆಕ್ ಆಗಲಿಲ್ಲ. ಸಮಿತಿಯವರು ಪ್ರತಿ ತಂಡಕ್ಕೂ 15 ನಿಮಿಷ ಅಂತ ಪಟ್ಟಿ ಮಾಡಿದ್ದರು. ಮಂಟೇಸ್ವಾಮಿ ಕಾವ್ಯದ ಒಂದು ಸಾಲು, ಅಂದರೆ ಒಂದು ಕಥಾಭಾಗ, ಹಾಡಲು ರಾತ್ರಿಯೇ ಸಾಲದು, ಅದನ್ನು 15 ನಿಮಿಷಕ್ಕೆ ಹೇಗೆ ಮುಗಿಸುತ್ತಾರೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೇಲಿಂದ ಲೈವ್ ವಿಡಿಯೋಗೆ "ಕ್ಲೀನ್ ಸೌಂಡ್ ಬೇಕು" ಅಂತ ಬೇರೆ ಹೇಳಿದ್ದರು.

ರಾತ್ರಿ ಹತ್ತೂಮುಕ್ಕಾಲು. ಮುಮ್ಮೇಳದ, ಅಂದರೆ ಮುಖ್ಯ ಹಾಡುಗಾರ, ತಾತ ಕುಳಿತರು. ಬಲಗೈಯಲ್ಲಿ ತಂಬೂರಿ, ಎಡಗೈಯಲ್ಲಿ ಗಗ್ಗರ. ಪಕ್ಕದಲ್ಲಿ ಡಕ್ಕಿಯವರು, ತಾಳದವರು. ತಂಬೂರಿಯ ಹೊಟ್ಟೆಗೆ ಒಂದು ಕಂಡೆನ್ಸರ್ ಮೈಕ್ ಇಟ್ಟು ಓಡಿ ಬಂದು ಹೆಡ್‌ಫೋನ್ ಹಾಕಿಕೊಂಡೆ. ತಾತ ಹಾಡಲಿಲ್ಲ. ಸುಮ್ನೆ ತಂತಿ ಮಿಡಿಯುತ್ತಾ ಕಣ್ಣು ಮುಚ್ಚಿ ಕುಳಿತರು.

ಹೆಡ್‌ಫೋನಿನಲ್ಲಿ ಗುಂಯ್.

ಮತ್ತೆ ಬಂತಲ್ಲಪ್ಪ ಅಂದುಕೊಂಡೆ. ಕೆಳಗಿನ ದನಿ ಕತ್ತರಿಸುವ ಹೈಪಾಸನ್ನು 200 ಹರ್ಟ್ಸ್‌ಗೆ ಏರಿಸಿದೆ. ಸ್ವಲ್ಪ ಕಮ್ಮಿಯಾಯಿತು. 300ರ ಹತ್ತಿರ ಕಟ್ ಮಾಡಿದೆ. ಇನ್ನೂ ಇತ್ತು. ಕೊನೆಗೆ ಆ ಚಾನೆಲ್‌ಗೆ ಗೇಟ್ ಹಾಕಿದೆ, ಸಣ್ಣ ಸದ್ದನ್ನು ಮುಚ್ಚಿ ಜೋರು ಸದ್ದನ್ನಷ್ಟೇ ಬಿಡುವಂಥದ್ದು ಅದು. ತಣ್ಣಗಾಯಿತು. ಅಬ್ಬಾ ಅನ್ನಿಸಿತು. ತಂಬೂರಿಯವರು ತಂಬೂರಿ ನುಡಿಸುತ್ತಿದ್ದಾರೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿ ಒಪ್ಪಲಿಲ್ಲ.

ತಾತ ಮಾನಿಟರ್ ಕಡೆ, ಅಂದರೆ ಹಾಡುವವರಿಗೇ ಕೇಳಲು ಇಟ್ಟ ಸ್ಪೀಕರ್ ಕಡೆ, ಕತ್ತು ತಿರುಗಿಸಿದರು. ತಂಬೂರಿಗೆ ಕಿವಿ ಇಟ್ಟರು. ಬಿರಡೆ ಒಂಚೂರು ತಿರುವಿದರು. ಆಮೇಲೆ ಸಿದ್ದಪ್ಪಾಜಿಯ ಕಥೆ ಎತ್ತಿಕೊಂಡರು. ಗುರು ಮಂಟೇಸ್ವಾಮಿ ತಮ್ಮ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ, ಹತ್ತಿರ ಕಬ್ಬಿಣದ ಭಿಕ್ಷೆಗೆ ಕಳಿಸುವ ಭಾಗ. ಹಲಗೂರು ನಮ್ಮ ತಾಲ್ಲೂಕಿನದೇ ಊರು, ಹಾಗಾಗಿ ಈ ಕಥೆ ಅಂದರೆ ನಮ್ಮ ಜನಕ್ಕೆ ಪಕ್ಕದ ಬೀದಿಯಲ್ಲಿ ನಡೆದ ಹಾಗೆ.

ಗೇಟ್ ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮ ಕಸುಬಿನವರಿಗೆ ಗೊತ್ತು. ತಾತ ಜೋರಾಗಿ ಹಾಡಿದಾಗ ಅವರ ದನಿಯೇ ಆ ಮೈಕಿಗೂ ಬಿದ್ದು ಗೇಟ್ ತೆರೆಯುತ್ತಿತ್ತು, ಶ್ರುತಿ ಬರುತ್ತಿತ್ತು. ಉಸಿರು ತಗೊಳ್ಳಲು ನಿಲ್ಲಿಸಿದ ಕೂಡಲೇ ಶ್ರುತಿ ಮಾಯ. ಯಾವ ಕ್ಷಣದಲ್ಲಿ ಅವರಿಗೆ ಅದು ಬೇಕೋ ಅದೇ ಕ್ಷಣದಲ್ಲಿ ಇಲ್ಲ. ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ಹೇಳುವವರು ಜಾರತೊಡಗಿದರು. ಒಬ್ಬರು ಮೇಲೆ, ಒಬ್ಬರು ಕೆಳಗೆ. ದನಿ ಕೇಳುತ್ತಿಲ್ಲವೇನೋ ಅಂತ ನಾನು ಮಾನಿಟರಿಗೆ ವೋಕಲ್ ಜಾಸ್ತಿ ಮಾಡಿದೆ. ಇನ್ನೂ ಕೆಟ್ಟಿತು. ಹೀಗೇ ನಾಲ್ಕೈದು ನಿಮಿಷ. ವಯಸ್ಸಾಯಿತು, ಶ್ರುತಿ ನಿಲ್ಲುತ್ತಿಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಸಿದ್ದಪ್ಪಾಜಿ ಪಾಂಚಾಳರ ಬಾಗಿಲಲ್ಲಿ ನಿಂತಿದ್ದಾರೆ, ಅಲ್ಲಿಗೆ ತಾತ ನಿಲ್ಲಿಸಿದರು. ಮೈಕಿನಲ್ಲೇ ಕೇಳಿದರು, "ಏನ್ಮಗ, ಸುರುತಿ ಎಲ್ಲೋಯ್ತು?"

ಇಡೀ ಬಯಲು ನನ್ನ ಕಡೆ ತಿರುಗಿತು. ನಾನು ಮಿಕ್ಸರಿನಿಂದ ಸ್ಟೇಜಿನವರ ಜೊತೆ ಮಾತಾಡುವ ಟಾಕ್‌ಬ್ಯಾಕ್ ಒತ್ತಿ ಹೇಳಿದೆ, "ಸೌಂಡ್ ಸರಿಯಾಗಿದೆ ತಾತ, ನೀವು ಹಾಡಿ."

ಆ ಮಾತು ನನಗೆ ಇವತ್ತಿಗೂ ನುಂಗಲಾಗದ ತುತ್ತು. ತಪ್ಪು ಗುಂಡಿ ಒತ್ತಿದ್ದು ಬೇರೆ. ನಲವತ್ತು ವರ್ಷಕ್ಕೂ ಜಾಸ್ತಿ ಅದೇ ತಂಬೂರಿ ಹೊತ್ತು ಹಾಡಿದವರು ಶ್ರುತಿ ಇಲ್ಲ ಅಂದಾಗ ಮಿಕ್ಸರ್ ಪರದೆ ನೋಡಿಕೊಂಡು ಇದೆ ಅಂದೆನಲ್ಲ, ಅದು ಬೇರೆ.

ತಾತ ವಾದ ಮಾಡಲಿಲ್ಲ. ಎದ್ದರು. ಮೇಳದವರೂ ಎದ್ದರು. ಮೆಟ್ಟಿಲು ಇಳಿದು ಬಂದು ಟಾರ್ಪಾಲಿನ ಮೇಲೆ ಹೆಂಗಸರ ಮುಂದೆಯೇ ಕುಳಿತರು. ಒಬ್ಬ ಅಜ್ಜಿ ಎಲೆಅಡಿಕೆ ಚೀಲ ಸರಿಸಿ ಜಾಗ ಮಾಡಿಕೊಟ್ಟರು. ತಂತಿ ಮಿಡಿದರು. ಮೈಕಿಲ್ಲದೆ ನಾನಿದ್ದ ಜಾಗಕ್ಕೂ ಸಣ್ಣಗೆ ಕೇಳಿಸಿತು. ಅದೇ ಗುಂಯ್. ಆಗ ಗೊತ್ತಾಯಿತು ನಾನು ಏನನ್ನು ಕತ್ತರಿಸಿದ್ದೆ ಅಂತ. ಹೆಡ್‌ಫೋನ್ ತೆಗೆದು ಎಲ್ಲಾ ಫೇಡರ್ ಇಳಿಸಿದೆ. ಕೈ ನಡುಗುತ್ತಿತ್ತು.

ಕಥೆ ಪಾಂಚಾಳರ ಬಾಗಿಲಿನಿಂದಲೇ ಮುಂದೆ ಹೋಯಿತು. ಹಿಂದೆ ಕುರ್ಚಿಯಲ್ಲಿದ್ದವರು ಎದ್ದು ಬಂದು ನೆಲಕ್ಕೆ ಕುಳಿತರು. ಸೊಲ್ಲು ಬಂದಾಗ ಹೆಂಗಸರು ದನಿಗೂಡಿಸಿದರು. ಒಬ್ಬಿಬ್ಬರಲ್ಲ, ಪೂರ್ತಿ ಆ ಕಡೆಯ ಸಾಲುಗಳು. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ, ಮನೆಯ ಜಗಲಿಯಲ್ಲಿ ಕೇಳಿ ಕೇಳಿ ಬಂದ ಸೊಲ್ಲು ಅದು. ಅಷ್ಟು ವರ್ಷ ನಮ್ಮ ಹಬ್ಬದಲ್ಲಿ ಅವರು ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ಸ್ಪೀಕರ್ ಬಾಕ್ಸುಗಳು ಅವರ ಮುಖಕ್ಕೇ ತಿರುಗಿ ಕೂಗುತ್ತಿದ್ದವು, ಅವರ ದನಿ ಎಲ್ಲಿಂದ ಕೇಳಬೇಕು?

ಪಟ್ಟಿ ಹಿಡಿದ ಹುಡುಗ ಬಂದು ಟೈಮ್ ಆಯ್ತಲ್ಲಣ್ಣ ಅಂದ. ಹೋಗು ಅಂದೆ. ಸಿದ್ದಪ್ಪಾಜಿಗೆ ಕಬ್ಬಿಣ ಸಿಕ್ಕಾಗ ರಾತ್ರಿ ಮೂರು ದಾಟಿತ್ತು.

ಬೆಳಿಗ್ಗೆ ಅಡುಗೆ ಶೆಡ್ ಹತ್ತಿರ ತಾತನನ್ನು ಹುಡುಕಿಕೊಂಡು ಹೋದೆ. ಮುಖ ತೊಳೆಯಬೇಕಿತ್ತು ಅವರಿಗೆ. "ಹಿಡ್ಕೊ" ಅಂತ ತಂಬೂರಿ ಕೊಟ್ಟರು. ಎದೆಗೆ ಆನಿಸಿಕೊಂಡೆ. ಬೆರಳು ತಂತಿಗೆ ತಗುಲಿತು. ಮರದ ನಡುಕ ಎದೆಮೂಳೆಗೆ ಇಳಿಯಿತು. ಬೆರಳು ಬೀಳುವ ಜಾಗದಲ್ಲಿ ಮರ ಸವೆದು ನುಣ್ಣಗಾಗಿತ್ತು. ತಪ್ಪಾಯಿತು ತಾತ ಅಂದೆ. "ಬುಡು ಮಗ, ಮೊದ್ಲು ಟೀ ಕುಡಿ" ಅಂದರು.

ಈಗ ನೀಲಗಾರರಿಗೆ ಸ್ಟೇಜ್ ಹಾಕುವುದಿಲ್ಲ. ನೆಲದಲ್ಲೇ ಕೂರುತ್ತಾರೆ, ಮೇಲೆ ಎರಡು ಮೈಕ್ ಮಾತ್ರ ತೂಗುಬಿಡುತ್ತೇನೆ. ಗೇಟ್ ಇಲ್ಲ, ಮಾನಿಟರ್ ಇಲ್ಲ. ಮೊದಲು ಅವರ ಎದುರು ಹೋಗಿ ಬರಿಗಿವಿಯಲ್ಲಿ ಕೇಳುತ್ತೇನೆ, ಆಮೇಲೆ ಮಿಕ್ಸರ್. 15 ನಿಮಿಷದ ಪಟ್ಟಿಗೆ ಸಮಿತಿಯಲ್ಲಿ ಎರಡು ವರ್ಷ ಜಗಳ ಆಡಿದ್ದೇನೆ. ಜನ ಕೂರಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಅವತ್ತು ರಾತ್ರಿ ಮೂರರ ತನಕ ಕೂತವರು ಯಾರು ಅಂತ ಕೇಳುತ್ತೇನೆ. ಈ ಸಲ ಒಂದು ಪೂರ್ತಿ ರಾತ್ರಿ ತಂಬೂರಿಗೇ ಬಿಟ್ಟಿದ್ದಾರೆ.

ಕೊನೆ ಬಸ್ಸಿಗೆ ಕಾಯುವುದು ಬೇಡ ಅಂತ ಮಧ್ಯಾಹ್ನವೇ ಟೆಂಪೊ ಕಳಿಸುತ್ತಿದ್ದೇವೆ. ಡ್ರೈವರ್ ತಮ್ಮನಿಗೆ ಎರಡೆರಡು ಸಲ ಹೇಳಿದ್ದೇನೆ, ತಂಬೂರಿಯನ್ನು ಹಿಂದೆ ಸಾಮಾನಿನ ಜೊತೆ ಹಾಕಬೇಡ, ಮುಂದೆ ತಾತನ ತೊಡೆ ಮೇಲೇ ಇರಲಿ ಅಂತ.