ಲಗ್ರಾಂಜ್ ಯಾಕೆ ಎದ್ದು ಹೋಗಲಿಲ್ಲ?

ಬೈಬಲ್ ವಿದ್ವಾಂಸ ಫಾದರ್ ಮರಿ-ಜೋಸೆಫ್ ಲಗ್ರಾಂಜ್ ಬಗ್ಗೆ ನಾನು ಎಲ್ಲೇ ಮಾತಾಡಲಿ, ಕೊನೆಗೆ ಬರುವ ಪ್ರಶ್ನೆ ಒಂದೇ. 1912ರಲ್ಲಿ ಅವರ ಹಲವು ಬರಹಗಳನ್ನು ಪಾದ್ರಿಗಳನ್ನು ತಯಾರು ಮಾಡುವ ಗುರುಮಠಗಳಲ್ಲಿ ಬಳಸಬಾರದು ಅಂತ ರೋಮ್, ಅಂದರೆ ಕ್ಯಾಥೊಲಿಕ್ ಧರ್ಮಸಭೆಯ ಕೇಂದ್ರ, ಆಜ್ಞೆ ಹೊರಡಿಸಿತಲ್ಲ, ಆಗ ಅವರು ಯಾಕೆ ಎಲ್ಲ ಬಿಟ್ಟು ಎದ್ದು ಹೋಗಲಿಲ್ಲ? ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಲಗ್ರಾಂಜ್ 1855ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದರು. ಕಾನೂನಿನಲ್ಲಿ ಡಾಕ್ಟರೇಟ್ ಮಾಡಿ ಆಮೇಲೆ ಡೊಮಿನಿಕನ್ ಅನ್ನುವ ಕ್ಯಾಥೊಲಿಕ್ ಸಂಘದ ಸಂನ್ಯಾಸಿಯಾದರು. ಪಂಚಗ್ರಂಥಗಳನ್ನು, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳನ್ನು, ಪ್ರವಾದಿ ಮೋಶೆಯೊಬ್ಬನೇ ಕೂತು ಬರೆದಿಲ್ಲ, ಬೇರೆ ಬೇರೆ ಕಾಲದ ಮೂಲಗಳು ಅದರಲ್ಲಿ ಸೇರಿವೆ ಅಂತ 1897ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೈಬೂರ್ಗ್‌ನಲ್ಲಿ ವಾದಿಸಿದರು. ಆ ಕಾಲದ ರೋಮ್‌ಗೆ ಅನುಮಾನಪಡಲು ಇಷ್ಟೇ ಸಾಕಾಯಿತು.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಯೇ ನನಗೆ ಜಾಸ್ತಿ ಕಿರಿಕಿರಿ. ಒಂದು ಸಲ ಭಾಷಣ ಮುಗಿದು ಕುರ್ಚಿ ಮಡಚುತ್ತಿರುವಾಗ ಒಬ್ಬರು ಬಂದು, ‘ಪಾಪ, ಹೆದರಿಬಿಟ್ಟರು ಅಲ್ವಾ ಸಾರ್?’ ಅಂದರು. ಉತ್ತರ ಅವರೇ ಬರೆದು ತಂದಿದ್ದರು, ನನ್ನ ಸಹಿ ಬೇಕಿತ್ತು ಅಷ್ಟೆ. ನಾನು ಹಾಗಲ್ಲ ಅಂತ ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಒಬ್ಬ ಹಿರಿಯ ಹೆಂಗಸು, ‘ಮೋಶೆ ಬರೆದಿಲ್ಲ ಅಂದವರನ್ನ ಹೊಗಳೋದು ಯಾಕಪ್ಪಾ?’ ಅಂದರು. ಒಬ್ಬರಿಗೆ ಲಗ್ರಾಂಜ್ ಹೇಡಿ, ಇನ್ನೊಬ್ಬರಿಗೆ ಧರ್ಮದ್ರೋಹಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕುರ್ಚಿ ಎತ್ತಿಕೊಂಡು ಹೊರಟೆ.

ಎದ್ದು ಹೋದವರೂ ಇದ್ದರು, ನೋಡಿ. ಫ್ರಾನ್ಸಿನ ಇನ್ನೊಬ್ಬ ಪಾದ್ರಿ, ಬೈಬಲ್ ವಿದ್ವಾಂಸ ಆಲ್ಫ್ರೆಡ್ ಲ್ವಾಜಿ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. 1908ರಲ್ಲಿ ಅವರನ್ನು ಧರ್ಮಸಭೆಯಿಂದಲೇ ಹೊರಹಾಕಿದರು, ಮರುವರ್ಷ ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು. ಕಥೆ ಹೇಳಲು ಇದೇ ಚೆಂದ, ಒಪ್ಪುತ್ತೇನೆ. ಲಗ್ರಾಂಜ್ ಪೋಪ್ ಹತ್ತನೇ ಪಯಸ್ ಅವರಿಗೆ ವಿಧೇಯತೆಯ ಪತ್ರ ಬರೆದು, ತಾವು ಪಾಠ ಮಾಡುತ್ತಿದ್ದ ಜೆರುಸಲೇಮ್ ಬಿಟ್ಟರು. ಆ ವಿಧೇಯತೆ ನನಗೂ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ 1913ರಲ್ಲಿ ಅವರು ವಾಪಸ್ ಬಂದರು. ಹಳೆ ಒಡಂಬಡಿಕೆಯ ಮೇಲೆ ಬರೆಯುವುದು ಅಪಾಯ ಅಂತ ಅವರಿಗೆ ಮೊದಲೇ ಅರ್ಥವಾಗಿತ್ತು, ಯೇಸುವಿನ ಕಥೆ ಹೇಳುವ ಶುಭಸಂದೇಶಗಳತ್ತ ತಿರುಗಿದ್ದರು. ಮಾರ್ಕನ ಮೇಲಿನ ವ್ಯಾಖ್ಯಾನ 1911ರಲ್ಲೇ ಬಂದಿತ್ತು. ಆಮೇಲೆ ಲೂಕ 1921, ಮತ್ತಾಯ 1923, ಯೊವಾನ್ನ 1925. ಹೆದರಿದವರು ಇಷ್ಟು ದಪ್ಪ ಪುಸ್ತಕಗಳನ್ನು ಬರೆಯುತ್ತಾರಾ? ಅವರ ಮಟ್ಟಿಗೆ ಬೈಬಲ್ ಧರ್ಮಸಭೆಯ ಪುಸ್ತಕ. ಅದನ್ನು ಹೊಸದಾಗಿ ಓದುವುದಿದ್ದರೂ ಒಳಗೇ ಕೂತು ಓದಬೇಕು. ನಿಮಗೆ ಹಿಡಿಸದಿದ್ದರೆ ಬಿಡಿ, ಆದರೆ ಅದು ಭಯ ಅಲ್ಲ.

ಅವರು ಪಾಠ ಹೇಗೆ ಮಾಡುತ್ತಿದ್ದರು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ನನಗೆ ಹೇಳಬೇಕು ಅನ್ನಿಸುವುದು ಅದೇ. 1890ರ ನವೆಂಬರ್‌ನಲ್ಲಿ ಜೆರುಸಲೇಮ್‌ನ ದಮಸ್ಕ ಬಾಗಿಲ ಹೊರಗೆ ಅವರು ಶುರು ಮಾಡಿದ ಬೈಬಲ್ ಶಾಲೆಯ ಮೊದಲ ತರಗತಿ ನಡೆದದ್ದು ಹಳೇ ಕಸಾಯಿಖಾನೆಯೊಂದರಲ್ಲಿ. ದನ ಕಟ್ಟುತ್ತಿದ್ದ ಬಳೆಗಳು ಗೋಡೆಯಲ್ಲಿ ಇನ್ನೂ ಇದ್ದವು. ಒಂದು ಮೇಜು, ಒಂದು ಕರಿಹಲಗೆ, ಒಂದು ನಕ್ಷೆ, ಇಷ್ಟೇ ಸಾಮಾನು. ಆದರೆ ಪಾಠ ಆ ಗೋಡೆಗಳೊಳಗೆ ನಿಲ್ಲುತ್ತಿರಲಿಲ್ಲ. ಶಿಷ್ಯರನ್ನು ಹೊರಗೆ ಕರೆದೊಯ್ದು ಊರು, ಬೆಟ್ಟ, ಹಾಳು ಗೋಡೆ, ಶಾಸನ ಎಲ್ಲ ತೋರಿಸುತ್ತಿದ್ದರು. 1893ರಲ್ಲಿ ಸ್ವತಃ ಸೀನಾಯಿಗೆ ಹೋಗಿ, ಇಸ್ರಯೇಲರು ಅಲೆದರು ಅನ್ನುವ ಮರುಭೂಮಿಯನ್ನು ಕಣ್ಣಾರೆ ಕಂಡು ಬಂದರು. ಅಲ್ಲಿ ನಿಂತು ನೋಡಿದ ಮೇಲೆ, ಆ ಅಲೆದಾಟದ ಕಥೆ ಇರುವ ವಿಮೋಚನಾಕಾಂಡವನ್ನು ಮೊದಲಿನ ಹಾಗೇ ಓದುವುದು ಅವರಿಗೆ ಆಗಲಿಲ್ಲ. ಇದೇ ಶಾಲೆಯ ಮುಂದಿನ ತಲೆಮಾರಿನ ರೋಲಾಂ ದ ವೋ, ಮೃತ ಸಮುದ್ರದ ಬಳಿ ಹಳೇ ಸುರುಳಿಗಳು ಸಿಕ್ಕ ಕುಮ್ರಾನ್‌ನ ಉತ್ಖನನ ನಡೆಸಿದರು. ಜೆರುಸಲೇಮ್ ಬೈಬಲ್ ಅನ್ನುವ ಫ್ರೆಂಚ್ ಅನುವಾದ ಕೂಡ ಅಲ್ಲಿಂದಲೇ ಬಂತು.

ಲಗ್ರಾಂಜ್ 1938ರಲ್ಲಿ ತೀರಿಕೊಂಡರು. ಹಳೇ ಗ್ರಂಥಗಳ ಬರವಣಿಗೆಯ ಬಗೆಯನ್ನು ಗಮನಿಸಿ ಓದಿ ಅಂತ ಪೋಪ್ ಹನ್ನೆರಡನೇ ಪಯಸ್ ಇಡೀ ಧರ್ಮಸಭೆಗೆ ವಿಶ್ವಪತ್ರ ಬರೆದದ್ದು 1943ರಲ್ಲಿ. ಅಷ್ಟು ಹೊತ್ತಿಗೆ ಕೇಳಲು ಇವರಿರಲಿಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡಕ್ಕೆ ಇವರು ಬರೆದ ವ್ಯಾಖ್ಯಾನವನ್ನು ಪ್ರಕಟಿಸಲು 1907ರಲ್ಲಿ ಅನುಮತಿ ಸಿಗಲಿಲ್ಲ, ಅದು ಹೊರಗೆ ಬರಲೇ ಇಲ್ಲ. ಸಿಟ್ಟು ಮಾಡಿಕೊಳ್ಳಲೇಬೇಕು ಅಂತಿದ್ದರೆ ಇದಕ್ಕೆ ಮಾಡಿಕೊಳ್ಳಿ, ನಾನೂ ಜೊತೆಗೆ ಬರುತ್ತೇನೆ.