ಕಾರಿನ ಡಿಕ್ಕಿಯಲ್ಲಿ ಕಸೂತಿ ಹೊತ್ತು ತಿರುಗಿದ ಎಡ್ನಾ ರೂತ್ ಬೈಲರ್

ಕಸೂತಿ ಬಲ್ಲವರು ಬಟ್ಟೆಯನ್ನು ಕೈಗೆತ್ತಿಕೊಂಡ ಕೂಡಲೇ ಅದರ ಹಿಂಬದಿಯನ್ನು ತಿರುವಿ ನೋಡುತ್ತಾರೆ. ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಹಾಗೆ ಮಾಡುವುದನ್ನು ನೋಡುತ್ತಲೇ ನಾನು ಬೆಳೆದೆ. ಗವಂತಿ ಮತ್ತು ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಬಗೆಯಲ್ಲಿ ಕಾಣಬೇಕು, ದಾರಕ್ಕೆ ಗಂಟು ಹಾಕಬಾರದು, ಮೊದಲೇ ಗೆರೆ ಬರೆದುಕೊಳ್ಳದೆ ಬಟ್ಟೆಯ ಎಳೆಗಳನ್ನು ಎಣಿಸಿಯೇ ತೇರು, ಗೋಪುರ, ತುಳಸಿ ವೃಂದಾವನ ಮೂಡಬೇಕು. ಅವ್ವ ತುಟಿಯಲ್ಲೇ ಎಣಿಸುತ್ತಿದ್ದಳು; ನಡುವೆ ನಾವು ಮಾತನಾಡಿಸಿದರೆ ಎಣಿಕೆ ತಪ್ಪಿ, ಹಾಕಿದ್ದನ್ನು ಬಿಚ್ಚಬೇಕಾಗುತ್ತಿತ್ತು. ಎರಡು ತಿಂಗಳು ಕೂತು ಹಾಕಿದ ಒಂದು ಸೆರಗಿಗೆ ಪೇಟೆಯ ಅಂಗಡಿಯವರು ಕೊಡುತ್ತಿದ್ದ ಹಣದಲ್ಲಿ ಮನೆಗೆ ಒಂದು ತಿಂಗಳ ಜೋಳವೂ ಬರುತ್ತಿರಲಿಲ್ಲ. ಅದೇ ಸೆರಗಿನ ಸೀರೆ ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟವಾಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಎರಡು ವರ್ಷಗಳ ಹಿಂದೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಕೌಂಟಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹಳೆಯ ವಸ್ತುಗಳನ್ನು ಮಾರುವ ಚಿಕ್ಕ ಅಂಗಡಿಯೊಂದರಲ್ಲಿ ಮೇಜಿಗೆ ಹಾಸುವ ಬಟ್ಟೆಯೊಂದು ಕಣ್ಣಿಗೆ ಬಿತ್ತು. ಕೆನೆಬಣ್ಣದ ಬಟ್ಟೆಯ ಮೇಲೆ ಕಡುಗೆಂಪು ದಾರದಲ್ಲಿ ಅಡ್ಡಹೊಲಿಗೆ, ಎಂದರೆ ನಾವು ಮೆಂತೆ ಎನ್ನುವ ಹೊಲಿಗೆಯ ಹತ್ತಿರದ ಸಂಬಂಧಿ. ಅಭ್ಯಾಸಬಲದಿಂದ ಅದನ್ನು ತಿರುವಿ ನೋಡಿದೆ. ಗಲ್ಲಾದ ಹಿಂದೆ ಕುಳಿತಿದ್ದ, ತಲೆಗೂದಲ ಗಂಟಿನ ಮೇಲೆ ಬಿಳಿಯ ಜಾಲರಿ ಟೊಪ್ಪಿ ಧರಿಸಿದ್ದ ಹಿರಿಯ ಮೆನ್ನೋನೈಟ್ ಹೆಂಗಸು ಅದನ್ನು ಗಮನಿಸಿ ಎದ್ದು ಬಂದರು. ಇದು ಪ್ಯಾಲೆಸ್ಟೀನಿನ ಹೆಂಗಸರ ಕೈಕೆಲಸವಿರಬಹುದು, ಹಿಂದೆ ಎಡ್ನಾ ರೂತ್ ಇಂಥವನ್ನು ತರಿಸಿ ಮಾರುತ್ತಿದ್ದರು ಎಂದರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಹುಡುಕಿ ಓದಿದಷ್ಟೂ ಆಕೆಯ ಬಗ್ಗೆ ಬರೆಯಲೇಬೇಕೆಂಬ ಹಂಬಲ ಬೆಳೆಯುತ್ತ ಹೋಯಿತು.

ಮೆನ್ನೋನೈಟರು ಕ್ರೈಸ್ತರಲ್ಲೇ ಒಂದು ಸಣ್ಣ ಪಂಗಡ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಹಸುಗೂಸುಗಳಿಗಲ್ಲ, ತಿಳಿದು ಒಪ್ಪಿದ ವಯಸ್ಕರಿಗೆ ಮಾತ್ರ ದೀಕ್ಷಾಸ್ನಾನ ಸಲ್ಲಬೇಕು ಎಂದವರಿಂದ ಈ ಪರಂಪರೆ ಆರಂಭವಾಯಿತು. ಹೆಸರು ಬಂದದ್ದು ನೆದರ್ಲೆಂಡ್ಸ್ ಕಡೆಯ ಪಾದ್ರಿ ಮೆನ್ನೋ ಸೈಮನ್ಸ್ ಅವರಿಂದ. ಅಂಥ ದೀಕ್ಷೆ ಕೊಟ್ಟ ತಪ್ಪಿಗೆ ಫೆಲಿಕ್ಸ್ ಮಾನ್ಜ್ ಎಂಬವರನ್ನು 1527ರ ಜನವರಿಯಲ್ಲಿ ಜ್ಯೂರಿಕ್‌ನ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಆಯುಧ ಹಿಡಿಯದಿರುವುದು, ಸರಳವಾಗಿ ಬದುಕುವುದು, ಕಷ್ಟದಲ್ಲಿರುವವರಿಗೆ ಕೈಯಾರೆ ದುಡಿದು ನೆರವಾಗುವುದು ಇವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ವ್ರತ. ದಕ್ಷಿಣ ರಷ್ಯಾದಲ್ಲಿ ಹಸಿವಿನಿಂದ ಕಂಗೆಟ್ಟವರಿಗೆ ಅನ್ನ ಮುಟ್ಟಿಸಲೆಂದು 1920ರಲ್ಲಿ ಹುಟ್ಟಿದ ಮೆನ್ನೋನೈಟ್ ಕೇಂದ್ರ ಸಮಿತಿಯ ಕಚೇರಿ ಇರುವುದು ಇದೇ ಲ್ಯಾಂಕಾಸ್ಟರ್ ಕೌಂಟಿಯ ಆಕ್ರನ್ ಎಂಬ ಚಿಕ್ಕ ಊರಿನಲ್ಲಿ.

1904ರಲ್ಲಿ ಹುಟ್ಟಿದ ಎಡ್ನಾ ರೂತ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಪತಿಯೊಂದಿಗೆ ಕಾನ್ಸಾಸ್ ರಾಜ್ಯದಿಂದ ಆಕ್ರನ್‌ಗೆ ಬಂದರು. ಪತಿ ಜೆ. ಎನ್. ಬೈಲರ್ ಸಮಿತಿಯ ಕೆಲಸದಲ್ಲಿದ್ದರು. ಆಕೆಗೆ ಮೊದಲು ಹೆಸರು ತಂದದ್ದು ವ್ಯಾಪಾರವಲ್ಲ, ಅಡುಗೆ. ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಹಿಸುಕಿ, ಹಾಲು, ಯೀಸ್ಟ್, ಹಿಟ್ಟಿನೊಂದಿಗೆ ಕಲಸಿ ನಾದಿ, ಉಬ್ಬಲು ಬಿಟ್ಟು, ಅದರಿಂದ ಡೋನಟ್ಟುಗಳನ್ನೂ ದಾಲ್ಚಿನ್ನಿಯ ಸುರುಳಿ ಬನ್ನುಗಳನ್ನೂ ಮಾಡುತ್ತಿದ್ದ ಅವರ ಪಾಕವಿಧಾನ, ಸಮಿತಿ 1976ರಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲಿ ಅವರದೇ ಹೆಸರಿನಲ್ಲಿ ಉಳಿದಿದೆ. ಮಗಳ ಮನೆಯಲ್ಲಿ ನಾವೂ ಮಾಡಿ ನೋಡಿದೆವು. ಆಲೂಗಡ್ಡೆ ಸೇರಿದ ಆ ಹಿಟ್ಟು ಕೈಗೆ ಹೋಳಿಗೆಯ ಕಣಕದಷ್ಟು ಮೆತ್ತಗೆ ಹತ್ತುತ್ತದೆ. ಮರುದಿನಕ್ಕೂ ಬನ್ನು ಬಿರುಸಾಗುವುದಿಲ್ಲ.

1946ರಲ್ಲಿ ಅವರು ಪತಿಯ ಜೊತೆ ಪೋರ್ಟೊ ರಿಕೊ ದ್ವೀಪಕ್ಕೆ ಹೋದರು. ಅಲ್ಲಿನ ಲಾ ಪ್ಲಾಟಾ ಕಣಿವೆಯಲ್ಲಿ ಮೆನ್ನೋನೈಟ್ ಸೇವಾಕರ್ತರು ನಡೆಸುತ್ತಿದ್ದ ಹೊಲಿಗೆ ತರಗತಿಯ ಹೆಂಗಸರ ಕೈಕುಸುರಿ ಬಹಳ ಚೆನ್ನಾಗಿತ್ತು, ಮನೆಗಳಲ್ಲಿ ಮಾತ್ರ ಕಡುಬಡತನವಿತ್ತು. ಮಾಡಿದ ಕೆಲಸಕ್ಕೆ ಕೊಳ್ಳುವವರಿರಲಿಲ್ಲ. ಮರುಕದಿಂದ ನಾಲ್ಕು ಕಾಸು ಕೈಗಿತ್ತು ಬರಬಹುದಿತ್ತು. ಅವರು ಆ ಬಟ್ಟೆಗಳನ್ನು ಊರಿಗೆ ತಂದು ನೆರೆಹೊರೆಯವರಿಗೆ, ಗೆಳತಿಯರಿಗೆ ಮಾರಿದರು. ಮತ್ತೆ ತರಿಸಿದರು, ಮತ್ತೆ ಮಾರಿದರು. ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಊರೂರಿನ ಚರ್ಚುಗಳ ಹೊಲಿಗೆ ಬಳಗಗಳಿಗೆ ಒಯ್ದು, ಒಂದೊಂದನ್ನೇ ಬಿಡಿಸಿ ತೋರಿಸಿ, ಇದನ್ನು ಹೊಲಿದವರು ಯಾರು, ಎಂಥ ಸ್ಥಿತಿಯಲ್ಲಿದ್ದಾರೆ ಎಂಬುದನ್ನು ಹೇಳಿದರು. ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ಈ ಮಾತು. ನನ್ನ ಅವ್ವನ ಸೆರಗನ್ನು ಉಟ್ಟ ಯಾವ ಹೆಣ್ಣುಮಗಳಿಗೂ ಅವ್ವನ ಹೆಸರು ಗೊತ್ತಿರಲಿಲ್ಲ. ಕೊಂಡವರ ಮುಂದೆ ಅದನ್ನು ಹೇಳಬೇಕೆಂದು ಯಾರಿಗೂ ತೋಚಲಿಲ್ಲ.

ಮುಂದೆ ಪ್ಯಾಲೆಸ್ಟೀನಿನ ನಿರಾಶ್ರಿತ ಹೆಂಗಸರ ಅಡ್ಡಹೊಲಿಗೆ, ಹೈಟಿಯ ಮರಗೆಲಸ ಸೇರಿಕೊಂಡವು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ಮೆನ್ನೋನೈಟ್ ವಿಶ್ವ ಸಮ್ಮೇಳನ ನಡೆದಾಗ ಎಡ್ನಾ ರೂತ್ ಈ ಕೈಕೆಲಸಗಳನ್ನು ಅಲ್ಲಿಗೂ ಒಯ್ದು ಮಾರಿದರು. ಹಿರಿಯರನ್ನು ಹೊಳೆಗೆ ನೂಕಿ ಕೊಂದ ನಾಡಿಗೆ, ನೆಲೆ ಕಳೆದುಕೊಂಡ ಮತ್ತೊಂದು ಜನರ ಕಸೂತಿಯನ್ನು ಹೊತ್ತು ಹೋದ ಆ ಪಯಣವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಮನೆಯ ನೆಲಮಾಳಿಗೆಯೇ ಬಹುಕಾಲ ಅವರ ಉಗ್ರಾಣವಾಗಿತ್ತು. 1962ರಲ್ಲಿ ಸಮಿತಿ ಇದನ್ನು ತನ್ನ ಅಧಿಕೃತ ಕಾರ್ಯಕ್ರಮವನ್ನಾಗಿ ಮಾಡಿಕೊಂಡಿತು. ಪತಿ ತೀರಿಕೊಂಡದ್ದೂ ಅದೇ ವರ್ಷ. ಅದಾದ ಮೇಲೂ ಅವರು ಕೆಲಸ ಬಿಡಲಿಲ್ಲ. 1970ರವರೆಗೆ ಅದನ್ನು ಮುನ್ನಡೆಸಿ, ಇನ್ನೊಬ್ಬರ ಕೈಗೆ ಒಪ್ಪಿಸಿದರು.

1976ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಎಡ್ನಾ ರೂತ್ ತೀರಿಕೊಂಡರು. ಮೆನ್ನೋನೈಟರಲ್ಲಿ ಸಾವಿಗೆ ಆಡಂಬರವಿಲ್ಲ. ವಾದ್ಯದ ಹಂಗಿಲ್ಲದೆ ನೆರೆದವರೆಲ್ಲ ನಾಲ್ಕು ಸ್ವರಗಳಲ್ಲಿ ಕೂಡಿ ಹಾಡುವುದು, ಮಣ್ಣು ಮಾಡಿ ಬಂದ ಮೇಲೆ ಒಟ್ಟಿಗೆ ಕುಳಿತು ಉಣ್ಣುವುದು ಅವರ ಹಳೆಯ ರೂಢಿ. ಕಾರಿನ ಡಿಕ್ಕಿಯಲ್ಲಿ ಆರಂಭವಾದ ಆ ಕೆಲಸಕ್ಕೆ 1996ರಲ್ಲಿ ‘ಟೆನ್ ಥೌಸಂಡ್ ವಿಲೇಜಸ್’, ಎಂದರೆ ಹತ್ತು ಸಾವಿರ ಹಳ್ಳಿಗಳು, ಎಂಬ ಹೆಸರು ಬಂತು. ಭಾರತವಿರುವುದು ಕೆಲವೇ ನಗರಗಳಲ್ಲಲ್ಲ, ಏಳು ಲಕ್ಷ ಹಳ್ಳಿಗಳಲ್ಲಿ ಎಂಬ ಗಾಂಧೀಜಿಯವರ ಮಾತೇ ಆ ಹೆಸರಿಗೆ ಪ್ರೇರಣೆ. ಆ ಹೆಸರನ್ನು ಕೇಳಲು ಎಡ್ನಾ ರೂತ್ ಇರಲಿಲ್ಲ.

ಆ ಮೇಜುಬಟ್ಟೆಯನ್ನು ಕೊಂಡು ತಂದು, ಅವ್ವ ಅರ್ಧಕ್ಕೆ ಬಿಟ್ಟುಹೋದ ಚಂದ್ರಕಾಳಿ ಸೀರೆಯ ಸೆರಗಿನ ಪಕ್ಕದಲ್ಲೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದನ್ನು ಹೊಲಿದ ಹೆಣ್ಣುಮಗಳು ಯಾರೋ, ಎಡ್ನಾ ರೂತ್ ಅವರ ಕೈಯಿಂದಲೇ ಅದು ದಾಟಿ ಬಂತೋ ಇಲ್ಲವೋ, ಹೇಳುವವರಿಲ್ಲ. ಹಿಂಬದಿಯ ಒಂದು ಮೂಲೆಯಲ್ಲಿ, ಕೆಂಪು ಅಡ್ಡಹೊಲಿಗೆಯ ಸಾಲು ಮುಗಿದ ಮೇಲೆ, ಖಾಲಿ ಬಟ್ಟೆಯಲ್ಲಿ ಸೂಜಿಯ ಆರು ಸಣ್ಣ ತೂತುಗಳು ಕಾಣುತ್ತವೆ. ಅಲ್ಲಿ ಅವಳ ಎಣಿಕೆ ತಪ್ಪಿ, ಹಾಕಿದ್ದನ್ನು ಬಿಚ್ಚಿ, ಮತ್ತೆ ಹಾಕಿದ್ದಾಳೆ. ಬಹುಶಃ ಮಕ್ಕಳಾರೋ ನಡುವೆ ಮಾತನಾಡಿಸಿರಬೇಕು.